ಷರಾ

ಹೋದ ಏಪ್ರಿಲ್ಲಿನ ಅಣಕು ಕಾರ್ಯಾಚರಣೆಯಲ್ಲಿ
ನಾನು ಗಾಯಾಳು ನಾಲ್ಕು.
ಪುರಭವನದ ಮೈದಾನದಲ್ಲಿ ಅಂಗಾತ ಮಲಗಿಸಿ
ಕುಂಕುಮ ಕಲಸಿದ ಕೊಬ್ಬರಿ ಎಣ್ಣೆ ಹಣೆಗೆ ಬಳಿದು
ಕೊರಳಿಗೆ ರಟ್ಟಿನ ಚೀಟಿ ಕಟ್ಟಿದರು:
ಎಡಗಾಲು ಮುರಿತ, ಪ್ರಜ್ಞೆ ಇದೆ.

ಒಂದು, ಎರಡು, ಮೂರು ಸ್ಟ್ರೆಚರ್ ಹತ್ತಿ ಹೋದವು.
ಸೀಟಿ ಕೂಗಿತು. ಆಯುಕ್ತರು ಗಡಿಯಾರ ನೋಡಿ
ಹನ್ನೊಂದು ನಿಮಿಷ, ಪರವಾಗಿಲ್ಲ ಅಂದರು.
ಬಾತಿನ ಡಬರಿ ಬಂತು.
ಪ್ರಜ್ಞೆ ಇತ್ತು ನನಗೆ.
ಬೆನ್ನಿಗೆ ಗರಿಕೆ ಚುಚ್ಚುತ್ತಿತ್ತು, ಮೇಲೊಂದು ಹದ್ದು.
ಕೂಗಬಹುದಿತ್ತು.
ಕೂಗುವುದು ನನ್ನ ಪಾತ್ರದಲ್ಲಿ ಬರೆದಿರಲಿಲ್ಲ.

ಈಗ ಕಂಟ್ರೋಲ್ ರೂಮಿನಲ್ಲಿ ರಾತ್ರಿ ಪಾಳಿ.
ಎರಡು ಫೋನು, ಒಂದು ವಾಕಿಟಾಕಿ,
ಗೆರೆ ಹೊಡೆದ ದಪ್ಪ ಪುಸ್ತಕ:
ವೇಳೆ, ಸ್ಥಳ, ದೂರು, ಕೈಗೊಂಡ ಕ್ರಮ,
ಕೊನೆಗೆ ಎರಡು ಬೆರಳಗಲ, ಷರಾ.

ಗೋಡೆಯ ಮೇಲೆ ಮಳೆಗಾಲದ ಪಟ್ಟಿ.
ಮರ ಕೊಯ್ಯುವ ಯಂತ್ರ ಮೂರು, ಒಂದಕ್ಕೆ ಚೈನಿಲ್ಲ.
ಪಂಪು ಐದು. ಮರಳ ಮೂಟೆ ನಾನ್ನೂರು.
ಹಗ್ಗ ಎಷ್ಟು ಅಂತ ಯಾರೂ ತುಂಬಿಲ್ಲ,
ಹಗ್ಗ ಎಲ್ಲಾದರೂ ಇದ್ದೇ ಇರುತ್ತೆ ಅಂತ.
ಆಮೇಲೆ ಬೀಗದ ಕೈ.
ನೆರೆ ಅಂದ್ರೆ ಅರ್ಧ ನೀರು ಕಣಮ್ಮ, ಇನ್ನರ್ಧ ಬೀಗದ ಕೈ,
ಅನ್ನುತ್ತಾರೆ ಎಂಜಿನಿಯರ್ ಕೆಂಪರಾಜ ಅರಸು.
ಕಾಗದದ ಮೇಲೆ ಕಾಳಜಿ ಕೇಂದ್ರವಾದ ಶಾಲೆಯ ಕೀಲಿ
ಜವಾನನ ಸೊಂಟದಲ್ಲಿ,
ಜವಾನ ನಂಜನಗೂಡಿನಲ್ಲಿ, ನಾದಿನಿ ಮಗುವಿನ ನಾಮಕರಣದಲ್ಲಿ.
ಅದಕ್ಕೇ ಮೇ ತಿಂಗಳೆಲ್ಲ
ಇನ್ನೊಂದೊಂದು ಕೀಲಿ ಮಾಡಿಸುತ್ತ ಅಲೆದೆವು.
ಮಂಡಿ ಮೊಹಲ್ಲಾದ ಬೀಗದ ಸಾಬರು ಕೇಳಿದರು,
ಇಷ್ಟೊಂದು ಮನೆ ಯಾರದಮ್ಮಾ?

ಹವಾಮಾನದ ಸಂದೇಶ ಬರುತ್ತದೆ, ಹಳದಿಯೋ ಕಿತ್ತಳೆಯೋ.
ನಮ್ಮ ಲೆಕ್ಕ ಕಿಟಕಿಯದು:
ಬೆಟ್ಟದ ದೀಪದ ಸಾಲು ಅಳಿಸಿಹೋದರೆ ಇಪ್ಪತ್ತು ನಿಮಿಷ.
ಇವತ್ತು ಹದಿನಾಲ್ಕಕ್ಕೇ ಬಂತು.

೧೦.೪೦. ಇರ್ವಿನ್ ರಸ್ತೆ. ಆಟೋ ಮೇಲೆ ಮರ. ಆಟೋ ಖಾಲಿ.
೧೦.೫೨. ಅಗ್ರಹಾರ. ಕಂಬ ವಾಲಿದೆ, ಕಿಡಿ.
೧೧.೧೫. ಹೆಸರಲ್ಲೇ ಕೆಸರಿಟ್ಟುಕೊಂಡ ಕೆಸರೆ.
ಪುರಿ ಭಟ್ಟಿಯ ಸಣ್ಣತಾಯಮ್ಮ, ದನಿ ತಗ್ಗಿಸಿ,
ಕದ್ದು ಸಾಲ ಕೇಳುವವಳ ಹಾಗೆ:
"ಏನಿಲ್ಲ ಕನವ್ವ, ನೀರು ಒಸಿ ಒಳೀಕೆ ಬಂದದೆ.
ಅಟ್ಟ ಹತ್ಕಂಡು ಕುಂತಿವಿ ನಾಲ್ಕು ಜನ.
ಬ್ಯಾರೇರ್ಗೆ ಮೊದ್ಲು ಕಳ್ಸಿ, ನಮ್ದೇನು ಅವಸ್ರ ಇಲ್ಲ."

ಈ ಮಾತು ನನಗೆ ಗೊತ್ತು.
ಗರಿಕೆಯ ಮೇಲೆ ಮಲಗಿ ಕಲಿತದ್ದು.

ಮುಬಾರಕನ ಗಾಡಿಯನ್ನು ಅಗ್ರಹಾರದಿಂದ ತಿರುಗಿಸಿದೆ.
ಕಂಬಕ್ಕೆ ಲೈನು ಕಡಿಸಿದೆ, ಬೈಸಿಕೊಂಡೆ.
ಮುಕ್ಕಾಲು ಗಂಟೆ ವಾಕಿಟಾಕಿಯಲ್ಲಿ ಬರೀ ಮಳೆ.
ಆಮೇಲೆ ಅವನು:
"ಬೀದಿ ತುಂಬ ಪುರಿ, ಮೇಡಂ."

ಬೀದಿಗೆ ಪುರಿ ಯಾವಾಗ ಚೆಲ್ಲುತ್ತಾರೆ
ಅಂತ ಈ ಊರಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ.
ಪೆನ್ನು ಕೆಳಗಿಟ್ಟೆ.

"ಮೂಟೆ ಒಡೆದು ತೇಲ್ತಾ ಇದೆ. ಜನ ಇಳಿಸಿದ್ವಿ. ಮೂರು."
ನಾಲ್ಕು, ಅಂದೆ.
"ಮೂರೇ ಮೇಡಂ. ಜವರಪ್ಪನೂ ನೋಡ್ದ."
ಮತ್ತೆ ಎಣಿಸು.
"ಆಯಮ್ಮ ನಡುಗ್ತಾ ಅವ್ರೆ, ಮಾತು ಹೊರಡ್ತಿಲ್ಲ."
ಅಟ್ಟ ನೋಡು. ಹಿಂದೆ ನೋಡು. ಕರೀಬೇಡ, ಓ ಅನ್ನಲ್ಲ.
ಕೈ ಹಾಕಿ ನೋಡು.

ಖಾಲಿ ಚೀಲಗಳ ಹಿಂದೆ, ಮೊಣಕಾಲಿಗೆ ಗಲ್ಲ ಒತ್ತಿ,
ಏಳೋ ಎಂಟೋ ವರ್ಷದ ಹುಡುಗಿ.
ಕಣ್ಣು ಬಿಟ್ಟುಕೊಂಡೇ ಇದ್ದಳಂತೆ.
ಸದ್ದು ಮಾಡಬೇಡ ಅಂತ ಯಾರು ಯಾವಾಗ ಹೇಳಿದ್ದರೋ.

ಬೆಳಗಾಗುವ ಹೊತ್ತಿಗೆ
ಯಾರಿಗೂ ಬೇಡದ ಬೆಟ್ಟದ ದೀಪ ಮತ್ತೆ ಕಂಡವು.
ಶಾಲೆಯಲ್ಲಿ ಹೊಸ ಕೀಲಿ ತಿರುಗದೆ
ಜವರಪ್ಪ ಕಲ್ಲಲ್ಲಿ ಬೀಗ ಒಡೆದನಂತೆ.
ಅದನ್ನೂ ಬರೆದೆ, ಕೈಗೊಂಡ ಕ್ರಮದಲ್ಲಿ.

ಷರಾದಲ್ಲಿ ಒಂದೇ ಮಾತು: ನಾಲ್ಕು.
ಪಾಳಿ ಬಿಡುವ ಮೊದಲು ಸ್ಟೂಲು ಹತ್ತಿ
ಗೋಡೆಯ ಪಟ್ಟಿಯಲ್ಲಿ ತುಂಬಿದೆ:
ಹಗ್ಗ ಎರಡು. ಒಂದು ಒದ್ದೆ.