ಕೂಡದ ಅಂಚು

ಶುಕ್ರವಾರ, ಬೆಳಕು ಹರಿಯುವ ಮೊದಲೇ
ಮಟನ್ ಸ್ಟ್ರೀಟಿನಲ್ಲಿ ಮುನವ್ವರ್ ಭಾಯ್ ಗೋಣಿ ಬಿಚ್ಚುತ್ತಾನೆ.
ಹಿತ್ತಾಳೆ ನಲ್ಲಿ, ನಿಂತ ಗಡಿಯಾರ, ಒಂಟಿ ಬೂಟು,
ಅದರಡಿ ನೀಲಿ.

ಗೆಣ್ಣಿನಿಂದ ತಟ್ಟಿ ನೋಡುತ್ತೇನೆ.
ಠಣ್ ಅಂದರೆ ಇಡಿ, ಠಕ್ ಅಂದರೆ ಒಡಕು.
ಇದು ಠಕ್ಕಿನ ಕಡೆಯದೇ. ಎಂಟುನೂರು ಅನ್ನುತ್ತಾನೆ.

ಫೋರ್ಟಿನ ಹೋಟೆಲಲ್ಲಿ ಪ್ಲೇಟು ತೊಳೆದ ಕೈ ಇದು.
ಒಡೆದದ್ದಕ್ಕೆ ಸಂಬಳದಲ್ಲಿ ಮುರಿದುಕೊಂಡ ಲೆಕ್ಕ
ಶೆಟ್ಟರ ಡೈರಿಯಲ್ಲಿ ಇನ್ನೂ ಇದ್ದೀತು.
ಈಗ ಒಡಕಿಗೇ ದುಡ್ಡು ಕೊಡುತ್ತೇನೆ.
ಭಾಯ್‌ಗೆ ನಗು.

ಸೇತುವೆ, ದೋಣಿ, ಯಾವ ಊರಿನದೂ ಅಲ್ಲದ ಗೋಪುರ.
ಮೇಲೆಲ್ಲ ಚೂರಿಯ ಗೀಚು; ಯಾರೋ ಮಾಂಸ ಕೊಯ್ದಿದ್ದಾರೆ.
ಅದಕ್ಕೇ ಜಲಜಾ ಅಡುಗೆಮನೆಗೆ ಬಿಟ್ಟಿಲ್ಲ.
ನಲವತ್ತಮೂರು ತಟ್ಟೆ ಮಂಚದಡಿಯಲ್ಲಿ,
ಹಳೇ ಸೀರೆಯ ತುಂಡುಗಳಲ್ಲಿ ಸುತ್ತಿ.
ಸೀರೆ ಮಾತ್ರ ಅವಳೇ ಹರಿದುಕೊಟ್ಟದ್ದು.

ನಾನು ಹುಡುಕುವುದು ಅಂಚಿನಲ್ಲಿರುತ್ತದೆ.
ಅಚ್ಚುಕಾಗದದ ಎರಡು ತುದಿ ಸೇರುವಲ್ಲಿ
ಬಳ್ಳಿ ಹಟಾತ್ತನೆ ಕಡಿದು
ಅರ್ಧ ಎಲೆ ಇನ್ಯಾವುದೋ ಅರ್ಧ ಹೂವಿಗೆ ಅಂಟಿರುತ್ತದೆ.
ಇಂಗ್ಲೆಂಡಿನ ಯಾವುದೋ ಕಾರ್ಖಾನೆ, ಒಬ್ಬ ಹುಡುಗಿ,
ಕೆಲಸ ಬಿಡುವ ಹೊತ್ತು. ಕತ್ತರಿ ತಪ್ಪಿತು.
‘ಹೋಗಲಿ ಅತ್ಲಾಗೆ’ ಅಂದಿರಬೇಕು
ತನ್ನ ಭಾಷೆಯಲ್ಲಿ.

ರಾತ್ರಿ ಶಾಲೆಯ ಗಂಟೆಗೆ ಹೆದರಿ ನಾನೂ
ಎಷ್ಟು ತಟ್ಟೆಗಳ ಬೆನ್ನು ತೊಳೆಯದೆ ಓಡಿದ್ದೇನೋ.

ಆರುನೂರಕ್ಕೆ ಇಳಿದ.
ಮನೆಗೆ ಬಂದು, ನಲ್ಲಿ ತಿರುಗಿಸಿ,
ಮೊದಲು ಬೆನ್ನು ತೊಳೆಯುತ್ತೇನೆ.