ತಪ್ಪು ಒಪ್ಪು

ಹಾಸನದ ಕವಿಗಳನ್ನೆಲ್ಲ ನಾನು ಬಲ್ಲೆ,
ಮುಖದಿಂದಲ್ಲ, ಕೈಬರಹದಿಂದ.
ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ, ಬೆಳ್ಳುಳ್ಳಿ ಮಂಡಿಯ ಮೇಲೆ
ಎಂಟಡಿ ಹತ್ತಡಿಯ ನನ್ನ ಡಿಟಿಪಿ ಅಂಗಡಿ.
ಮದುವೆ ಕರೆಯೋಲೆ, ತಿಥಿ ಕಾರ್ಡು,
ಆಲೂಗೆಡ್ಡೆ ಬಿತ್ತನೆಬೀಜದ ಕರಪತ್ರ,
ನಡುನಡುವೆ ಕವಿತೆ.
ಪುಟಕ್ಕೆ ಇಪ್ಪತ್ತು ರೂಪಾಯಿ. ಕವಿತೆಗೆ ಸಾಲು ಕಮ್ಮಿ,
ಅದಕ್ಕೇ ಚೌಕಾಸಿ ಜಾಸ್ತಿ.

ಬಸ್ ಡಿಪೋದ ಜವರೇಶ ಅಲ್ಪಪ್ರಾಣಕ್ಕೆಲ್ಲ
ಮಹಾಪ್ರಾಣ ಕೊಡುತ್ತಾನೆ,
ಎದ್ದು ಸೀಟು ಬಿಟ್ಟುಕೊಡುವವನ ಹಾಗೆ.
ರಿಟೈರ್ಡ್ ಸರ್ವೆಯರ್ ಚೆನ್ನವೀರಯ್ಯ
ಪ್ರತಿ ಸಾಲಿನ ಕೊನೆಗೂ ಮೂರು ಚುಕ್ಕಿ ನೆಡುತ್ತಾರೆ, ಗಡಿಕಲ್ಲು.
ಒಂದು ಕಿತ್ತರೂ ತಕರಾರು.
ನರ್ಸ್ ಫಿಲೋಮಿನಾ ಬರೆಯುವುದು ಜ್ವರದ ಚಾರ್ಟಿನ ಬೆನ್ನಿಗೆ.
ಒಮ್ಮೆ ಮುಂಭಾಗವನ್ನೂ ಟೈಪು ಮಾಡಿಬಿಟ್ಟೆ:
'ರಾತ್ರಿ ಎರಡಕ್ಕೆ ನೂರಾಮೂರು.'
ಇರಲಿ ಬಿಡು ಅಂದಳು.

ಇದು ಸಾವಂತ್ರಮ್ಮ ಟೀಚರ ವಿಷಯ.
ದುದ್ದದ ಶಾಲೆಯಲ್ಲಿ ಮೂವತ್ತೊಂದು ವರ್ಷ
ಕಾಗುಣಿತ ತಿದ್ದಿದವರು.
ಅರವತ್ಮೂರಕ್ಕೆ ಮೊದಲ ಪುಸ್ತಕ, ಮುನ್ನೂರು ಪ್ರತಿ,
ಪಿಂಚಣಿಯಿಂದ ಮೂರು ಕಂತು.
ಅವರಿಗೆ ಆ ವಾರ ಕಣ್ಣಿನ ಪೊರೆ ಆಪರೇಷನ್,
ನನ್ನ ಕೀಬೋರ್ಡಿನಲ್ಲಿ ಎತ್ವದ ಗುಂಡಿಗೆ ಸುಸ್ತು.
ಎರಡು ಸಲ ಒತ್ತಬೇಕಿತ್ತು, ಒಮ್ಮೆ ಒತ್ತಿದೆ.
'ಹುಣಸೆಯ ನೆರಳು ಬಾವಿಯೊಳಗೆ' ಅಂತ ಅವರು ಬರೆದದ್ದು
'ಹುಣಸೆಯ ನರಳು ಬಾವಿಯೊಳಗೆ' ಆಯಿತು.
ಕರಡು ನೋಡಿದವಳೂ ನಾನೇ.

ಬಿಡುಗಡೆಗೆ ಸಂಘದ ಮಹಡಿಯಲ್ಲಿ ನಲವತ್ತು ಕುರ್ಚಿ,
ಹದಿನೆಂಟು ಜನ,
ಅದರಲ್ಲಿ ಒಂಬತ್ತು ಮಂದಿ ವೇದಿಕೆ ಮೇಲೆ.
ಮೈಸೂರಿಂದ ಬಂದಿದ್ದ ವಿಮರ್ಶಕರು ಕನ್ನಡಕ ಹಣೆಗೇರಿಸಿ
ಆ ಸಾಲನ್ನೇ ಎತ್ತಿಕೊಂಡರು.
'ನರಳು! ನೆರಳಲ್ಲ, ಗಮನಿಸಿ.
ನಾಮಪದವಾಗಿ ನಿಂತ ಈ ಕ್ರಿಯಾಪದದಲ್ಲಿ
ಶತಮಾನಗಳ ಹೆಣ್ಣಿನ ನೋವು ಬಾವಿಗಿಳಿದಿದೆ.'
ಇಪ್ಪತ್ತು ನಿಮಿಷ.
ಕೆಳಗೆ ಉಪ್ಪಿಟ್ಟು ತಣ್ಣಗಾಯಿತು.
ನಾನು ಕೊನೆಯ ಸಾಲಿನಲ್ಲಿ ದುಪಟ್ಟಾದ ತುದಿಯನ್ನು
ಬೆರಳಿಗೆ ಸುತ್ತಿ, ಬಿಚ್ಚಿ, ಸುತ್ತಿ.
ಟೀಚರ್ ಆ ಪುಟ ತೆರೆದು ನೋಡಿದರು,
ಮುಚ್ಚಿದರು,
ಬಗ್ಗಿ ಹಾರ ಹಾಕಿಸಿಕೊಂಡರು.

ಸೋಮವಾರ ಬೆಳಿಗ್ಗೆ ಮೆಟ್ಟಿಲು ಹತ್ತಿ ಬಂದರು,
ಬೆಳ್ಳುಳ್ಳಿ ಘಾಟಿಗೆ ಎರಡು ಸಲ ಸೀನಿ.
ದುಡ್ಡು ವಾಪಸ್ ಕೊಡ್ತೀನಿ ಅಂದೆ.
'ಕೂತ್ಕೊ' ಅಂದರು, ನನ್ನದೇ ಅಂಗಡಿಯಲ್ಲಿ.

'ಆ ಬಾವಿ ಹತ್ರ ಯಾರೂ ನರಳ್ಲಿಲ್ಲ ಕಣೆ.
ನಾನು, ನಮ್ಮಕ್ಕ, ಪಕ್ಕದ್ಮನೆ ಖುರ್ಷಿದಾ.
ಮಧ್ಯಾಹ್ನ ನೆರಳು ನೀರಿಗೆ ಬಿದ್ದಾಗ
ಹುಣಸೆಕಾಯಿ ಉಪ್ಪಿಗದ್ದಿ ತಿಂತಾ
ಬಗ್ಗಿ ನಮ್ಮ್ ಹೆಸರು ನಾವೇ ಕೂಗೋವು.
ಬಾವಿ ವಾಪಸ್ ಕೂಗೋದು.
ಬಿದ್ದು ಬಿದ್ದು ನಗೋವು. ಅಷ್ಟೇ ಆ ಪದ್ಯ.
ಹೆಂಗಸು ಬಾವಿ ಅಂತ ಬರೆದ್ರೆ ಸಾಕು,
ಇವರಿಗೆ ಒಂದು ಹೆಣ ತೇಲ್ಬೇಕು.'

ತಪ್ಪು ಒಪ್ಪು ಚೀಟಿ ಹೊಡೆದು ಎಲ್ಲದಕ್ಕೂ ಅಂಟಿಸಲಾ?
'ಬೇಡ. ಹೋಗಿರೋವು ಹೋಗ್ಲಿ.
ಆ ಮೇಷ್ಟ್ರೂ ಪಾಪ, ಅಷ್ಟೊತ್ತು ಮಾತಾಡಿದಾರೆ.'
ಚೀಲದಿಂದ ಒಂದು ಪ್ರತಿ ತೆಗೆದರು, ಕೆಂಪು ಪೆನ್ನೂ.
'ಇದು ಖುರ್ಷಿದಾಗೆ. ಅರಸೀಕೆರೆಲಿದಾಳೆ.
ಅವಳು ಓದ್ತಾಳೆ, ಅವಳಿಗೆ ಗೊತ್ತಾಗತ್ತೆ. ತಿದ್ದು.'

ಸಾವಿರಾರು ಪುಟ ಕುಟ್ಟಿದ ಬೆರಳು,
ಪೆನ್ನು ಹಿಡಿದು ವರ್ಷಗಳಾಗಿವೆ.
ತಲೆಕಟ್ಟಿನ ಬಾಲ ಮೇಲಕ್ಕೆತ್ತಲು ಹೋಗಿ ನಡುಗಿದೆ.
ನನ್ನ ಕೈ ಮೇಲೆ ಅವರ ಕೈ ಬಂತು,
ಸೀಮೆಸುಣ್ಣ ಹಿಡಿದು ಹಿಡಿದು ಒರಟಾದದ್ದು.
'ಹ್ಞಾ, ಇನ್ನೊಂಚೂರು ಮೇಲಕ್ಕೆ,
ಈಗ ಬಾಗ್ಸು.'

ಊದಿ ಆರಿಸಿದರು. ಚೀಲಕ್ಕೆ ಹಾಕಿದರು.
ಪರ್ಸಿನ ಜಿಪ್ಪು ಎಳೆಯುತ್ತ ಕೇಳಿದರು,
'ಹೊಸ ಕೀಬೋರ್ಡ್ ಎಷ್ಟಾಗತ್ತೆ?'
ಮುನ್ನೂರೈವತ್ತು ಅಂದೆ.
'ಮುನ್ನೂರಕ್ಕೆ ಕೇಳು.'