ಹೊರಗಿನ ಬಾಕು

ಕಲಬುರಗಿ, ಮೇ ತಿಂಗಳು, ಮಧ್ಯಾಹ್ನ ಮೂರು.
ಹೊರಗೆ ಶಹಾಬಾದಿ ಕಲ್ಲು ಕಾದು ಹಂಚು.
ಒಳಗೆ ಹದಿನೆಂಟು ಡಿಗ್ರಿಯ ಕತ್ತಲಲ್ಲಿ
ಕನ್ನಡಕದಂಥದೊಂದು ಪೆಟ್ಟಿಗೆ ಕಣ್ಣಿಗೆ ಕಟ್ಟಿಕೊಂಡು
ಇಲ್ಲದ ಹೊಟ್ಟೆಯೊಳಗೆ ಕೈ ಇಳಿಸುತ್ತೇನೆ.

ಪಿತ್ತಕೋಶ ಥಳಥಳ, ಅಂಗಡಿಯಲ್ಲಿ ಒರೆಸಿಟ್ಟ ಹಣ್ಣಿನ ಹಾಗೆ.
ಕೊಬ್ಬು ಹಳದಿ, ನಾಳ ಹಸಿರು,
ಎಲ್ಲಕ್ಕೂ ಅದರದರ ಬಣ್ಣ ತಪ್ಪದೆ.
ಕೈಯಲ್ಲಿ ಎರಡು ಉದ್ದ ಕಡ್ಡಿ; ತುಸು ಒತ್ತಿದರೆ
ಯಂತ್ರವೂ ತಿರುಗಿ ಒತ್ತುತ್ತದೆ,
ಮಾಂಸದ ಹಟ ಅದಕ್ಕೂ ಗೊತ್ತು.

ಆಮೇಲೆ ಕ್ಲಿಪ್ಪು ಒಂದೆಳೆ ಆಚೆಗೆ.
ತೆರೆ ತುಂಬ ಕೆಂಪು.
ನಾಡಿಯ ಗೆರೆ ಮಲಗುತ್ತದೆ. ಗುಂಡಿ ಒತ್ತಿದರೆ
ಸತ್ತವನು ಮತ್ತೆ ತಣ್ಣಗೆ ಉಸಿರಾಡುತ್ತಾನೆ,
ಗಾಯವಿಲ್ಲ, ಸಿಟ್ಟಿಲ್ಲ, ಹೆಸರೂ ಇಲ್ಲ.
ಈ ವಾರ ಹನ್ನೊಂದು ಸಲ ಕೊಂದೆ.
ಅಂಕ: ನೂರಕ್ಕೆ ಮೂವತ್ತೆಂಟು.

ಹೊರಬಂದರೆ ಬಾಕಿನ ಮೇಲೆ ರುಕ್ಮೊದ್ದೀನ್ ಮಾಮು,
ಕೀಲಿ ಗೊಂಚಲು, ಎಸಿ ರಿಮೋಟು, ನಿವೃತ್ತಿಗೆ ಎರಡು ವರ್ಷ.
ಎದ್ದು ನಿಂತ, ಹೆಗಲ ವಸ್ತ್ರ ಕೈಗಿಳಿಸಿ ಕೇಳಿದ:
"ಹ್ಯಾಂಗ ಹಾರ್ರಿ ಡಾಕ್ಟರ್ರ, ನಮ್ಮವರು?"

ನಕ್ಕೆ. ಅವನು ನಗಲಿಲ್ಲ.
"ಯಂತ್ರ ಅದು, ಮಾಮು."
"ಗೊತ್ತದರೀ. ಒಳಗಿಂದು ಅದು ಕಲಿಸ್ತದ.
ಹೊರಗಿಂದು ಯಾರು ಕಲಿಸ್ತಾರ?"

ಮರುದಿನ ಅವನು ಜೇವರ್ಗಿಯ ಗಂಡ.
ಅದರ ಮರುದಿನ ಆಳಂದದ ತಾಯಿ,
ಅದೇ ವಸ್ತ್ರ ಸೆರಗಾಗಿ ಬಾಯಿಗೊತ್ತಿ.
ಒಮ್ಮೆ ಏನೂ ಕೇಳದ ಅಣ್ಣ, ಗೋಡೆ ನೋಡುತ್ತ ನಿಂತ,
ಅದೇ ಎಲ್ಲಕ್ಕಿಂತ ಕಷ್ಟ.
ನಾನು ಇಂಗ್ಲಿಷಿನಲ್ಲಿ ಅಡಗಿದೆ. ಗಡಿಯಾರ ನೋಡಿದೆ.
"ನಾವು ಪ್ರಯತ್ನ..." ಎಂದೆ.
"ಮತ್ತೊಮ್ಮೆ," ಅಂದ. "ನಡೀತಾ ಹೇಳಬ್ಯಾಡ್ರಿ. ನಿಂದರ್ರಿ."

ಎಲ್ಲಿ ಕಲಿತಿ ಮಾಮು ಇದನ್ನ, ಕೇಳಿದೆ ಒಂದು ಸಂಜೆ.
ಕೀಲಿ ಎಣಿಸುತ್ತ ಅಂದ:
"ಇದೇ ದವಾಖಾನಿ. ತೊಂಬತ್ತಾರರಾಗ.
ಡಾಕ್ಟರು ಛಲೋ ಇದ್ರು. ಬರೇ, ನಿಂದರಲಿಲ್ಲ."

ನಿನ್ನೆ ನಿಜದ ಮೇಜು.
ಪಿತ್ತಕೋಶ ಥಳಥಳಿಸಲಿಲ್ಲ; ನೆನೆದ ಹಳೆ ಚೀಲದ ಹಾಗೆ
ಸುತ್ತಲಿಗೆ ಅಂಟಿಕೊಂಡಿತ್ತು. ನಾಳ ಹಸಿರಿರಲಿಲ್ಲ,
ಯಾವುದೂ ಹಸಿರಿರಲಿಲ್ಲ. ಕೈಗೆ ಮಾತ್ರ
ಹನ್ನೊಂದು ಸಾವಿನ ದಾರಿ ನೆನಪಿತ್ತು,
ಆ ದಾರಿ ಬಿಟ್ಟು ನಡೆಯಿತು.

ಬಾಗಿಲು ತಳ್ಳಿದೆ. ಚಿತ್ತಾಪುರದ ಹೆಂಗಸು,
ಊಟದ ಡಬ್ಬಿಯ ಹಿಡಿ ಎರಡೂ ಕೈಯಲ್ಲಿ.
ಹೇಳುವುದು ಒಳ್ಳೆಯದೇ ಇತ್ತು.
ಆದರೂ
ಮೊದಲು ನಿಂತೆ.